ಐದೂವರೆ ಗಂಟೆಯ ವ್ಯತ್ಯಾಸ

ಕಂತು ೯

"ಇನ್ನೂ ಕೆಳಗೆ ಹೋಗು," ಅಂದೆ.

ಕವಿತ ಕೀಲಿ ಒತ್ತಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಸರಸರ ಮೇಲಕ್ಕೆ ಹೋದವು.

"ಏನು ಹುಡುಕ್ತಿದ್ದೀರ ಸಾರ್?"

"ಗೊತ್ತಿಲ್ಲ ಕಣಮ್ಮ. ಸಿಕ್ಕಿದ್ಮೇಲೆ ಹೇಳ್ತೀನಿ."

ಶಿಡ್ಲಘಟ್ಟದ ಈ ಖಾಸಗಿ ಬಿತ್ತನೆ ಕೋಠಿಯಲ್ಲಿ ರೇಷ್ಮೆ ಹುಳದ ಮೊಟ್ಟೆ ತಯಾರಾಗುತ್ತದೆ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಮೈಕ್ರೋಸ್ಕೋಪಿನಲ್ಲಿ ನೋಡಿ, ಗಂಟುರೋಗ ಇದೆಯೋ ಇಲ್ಲವೋ ಎಂದು ಬರೆಯುವುದು ಕವಿತಳ ಕೆಲಸ. ರೋಗ ಇದ್ದರೆ ಆ ಲಾಟಿನ ಮೊಟ್ಟೆಯನ್ನೆಲ್ಲ ಸುಟ್ಟುಬಿಡಬೇಕು. ಮೇ ಇಪ್ಪತ್ತರಂದು ೧೧೭ನೇ ಲಾಟಿಗೆ 'ರೋಗ ಇದೆ, ಸುಡಿ' ಎಂದೇ ಬರೆದೆ ಎನ್ನುತ್ತಾಳೆ ಅವಳು. ಕಂಪ್ಯೂಟರಿನಲ್ಲಿ ಅವಳದೇ ಹೆಸರಿನಲ್ಲಿ 'ರೋಗ ಇಲ್ಲ' ಎಂದಿದೆ.

ಆ ಮೊಟ್ಟೆ ಮಂಡಿಕಲ್ ಕಡೆಯ ಮೂವತ್ತು ಮನೆಗಳಿಗೆ ಹೋಯಿತು. ಮೂರನೇ ಜ್ವರಕ್ಕೆ, ಅಂದರೆ ಮೂರನೇ ಸಲ ಪೊರೆ ಬಿಡುವುದಕ್ಕೆ, ಮಲಗಿದ ಹುಳ ಏಳಲೇ ಇಲ್ಲ. ಇವತ್ತು, ಜೂನ್ ಹದಿನೆಂಟು, ಸಾಯಂಕಾಲ ನಾಲ್ಕಕ್ಕೆ ಚಿಂತಾಮಣಿಯಲ್ಲಿ ವಿಚಾರಣಾ ಸಮಿತಿ ಕೂರುತ್ತದೆ. ಅಷ್ಟರೊಳಗೆ ನಾನು ಏನಾದರೂ ತೋರಿಸದಿದ್ದರೆ ಕವಿತಳ ಪರೀಕ್ಷಕಿ ಸರ್ಟಿಫಿಕೇಟು ರದ್ದು. ಆಮೇಲೆ ಯಾವ ಕೋಠಿಯವರೂ ಅವಳನ್ನು ಬಾಗಿಲೊಳಗೆ ಬಿಡುವುದಿಲ್ಲ. ಅವಳಿಗೆ ಬರುವ ಕೆಲಸ ಅದೊಂದೇ.

ನಾನು ಸತ್ಯಮೂರ್ತಿ. ಮೂವತ್ತನಾಲ್ಕು ವರ್ಷ ಬೇರೆಯವರ ಕೈಬರಹ ನೋಡಿಕೊಂಡು ಬದುಕಿದವನು. ಕಳ್ಳ ಸಹಿ, ಸುಳ್ಳು ಉಯಿಲು, ಬೆದರಿಕೆ ಪತ್ರ, ಎಲ್ಲ ನೋಡಿದ್ದೇನೆ. ಇಲ್ಲಿ ನೋಡಿದರೆ ಕೈಯೇ ಇಲ್ಲ, ಎಲ್ಲ ಅಕ್ಷರವೂ ಒಂದೇ ಅಚ್ಚು. ಈ ಕೇಸು ಯಾಕೆ ಒಪ್ಪಿಕೊಂಡೆ ಅಂತ ಕೇಳಿದರೆ, ಚಿಕ್ಕಬಳ್ಳಾಪುರದ ಮನೆಯಲ್ಲಿ ಒಬ್ಬನೇ ಕೂತು ಕೂತು ಸಾಕಾಗಿತ್ತು. ಸುಳ್ಳು ಯಾಕೆ ಹೇಳಲಿ.

"ಇದನ್ನ ನೀಟಾಗಿ ತೋರಿಸ್ತಾ ಇದೆ ಅಲ್ವಾ," ಅಂದೆ. "ನನಗೆ ನೀಟು ಬೇಡ. ಒಳಗೆ ಹೇಗೆ ಬರೆದಿದೆಯೋ ಹಾಗೇ ತೋರಿಸೋಕೆ ಆಗುತ್ತಾ?"

ಕಾಗದವಾಗಿದ್ದರೆ ನಾನು ಮೊದಲು ಹಿಂಬದಿ ತಿರುಗಿಸಿ ನೋಡುತ್ತಿದ್ದೆ. ಮುಂಬದಿಯನ್ನು ಎಲ್ಲರೂ ಹುಷಾರಾಗಿ ಬರೆಯುತ್ತಾರೆ.

ಕವಿತ ಗೋಡೆಗೆ ಅಂಟಿಸಿದ ಸೂಚನೆಯ ಹಾಳೆಯನ್ನು ಒಮ್ಮೆ ನೋಡಿ, ಎರಡು ಬೆರಳಲ್ಲಿ ನಿಧಾನವಾಗಿ ಒಂದು ಸಾಲು ಟೈಪ್ ಮಾಡಿದಳು. ಕೋಠಿಯ ಪ್ರೋಗ್ರಾಮು ಪ್ರತಿಯೊಂದು ಫಲಿತಾಂಶವನ್ನೂ ಗಿಟ್ ಎನ್ನುವ ವ್ಯವಸ್ಥೆಗೆ ಒಪ್ಪಿಸುತ್ತದೆ. ಯಾರು ಬರೆದರು, ಯಾವಾಗ ಬರೆದರು, ಅದನ್ನು ಯಾವಾಗ ಒಳಗೆ ಇಡಲಾಯಿತು, ಎಲ್ಲವನ್ನೂ ಗಿಟ್ ಗುರುತು ಹಾಕಿಕೊಳ್ಳುತ್ತದೆ. ಇಷ್ಟು ನನಗೆ ಹೋದ ವಾರ ಕವಿತಳೇ ಕಲಿಸಿದ್ದಳು.

ಈಗ ಪ್ರತಿ ನಮೂದಿನಲ್ಲೂ ಎರಡೆರಡು ಗಂಟೆ ಕಾಣಿಸಿದವು. ಬರೆದ ಗಂಟೆ ಒಂದು, ಇಟ್ಟ ಗಂಟೆ ಇನ್ನೊಂದು. ಎರಡೂ ಸೆಕೆಂಡಿನವರೆಗೂ ಒಂದೇ. ಎರಡರ ಬಾಲದಲ್ಲೂ ಒಂದು ಕೂಡಿಸುವ ಗುರುತು, ನಾಲ್ಕು ಸೊನ್ನೆ.

"ಈ ಸೊನ್ನೆ ಏನಮ್ಮ?"

"ಅದು ಇಂಗ್ಲೆಂಡ್ ಗಡಿಯಾರ ಸಾರ್. ಪ್ರೋಗ್ರಾಮು ಯಾವಾಗ್ಲೂ ಅಲ್ಲಿನ ಟೈಮನ್ನೇ ತಗೊಂಡು ಗಿಟ್‌ಗೆ ಕೊಡುತ್ತೆ. ನಮಗೆ ತೋರ್ಸುವಾಗ ಐದೂವರೆ ಗಂಟೆ ಸೇರಿಸಿ ನಮ್ಮ ಟೈಮ್ ಮಾಡುತ್ತೆ."

"ಎಲ್ಲದಕ್ಕೂ ಹಾಗೇನಾ?"

"ಎಲ್ಲದಕ್ಕೂ. ಮಿಷನ್ನಲ್ವಾ ಸಾರ್."

ನಾನು ಕನ್ನಡಕ ಒರೆಸಿಕೊಂಡು ಮತ್ತೆ ಸಾಲು ಸಾಲಾಗಿ ನೋಡಿದೆ. ಸೊನ್ನೆ, ಸೊನ್ನೆ, ಸೊನ್ನೆ. ಜೂನ್ ಮುಗಿದು ಮೇ ಬಂತು. ಮೇ ಇಪ್ಪತ್ತೆಂಟು, ಇಪ್ಪತ್ತೈದು, ಇಪ್ಪತ್ತೊಂದು.

ಮೇ ಇಪ್ಪತ್ತರ ಹತ್ತಿರ ನನ್ನ ಬೆರಳು ತಾನೇ ನಿಂತಿತು.

೧೧೭ನೇ ಲಾಟು. ಬರೆದ ಗಂಟೆ ಆರು ಹನ್ನೆರಡು, ಬಾಲದಲ್ಲಿ ಸೊನ್ನೆ. ಅಂದರೆ ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ ಹನ್ನೊಂದು ನಲವತ್ತೆರಡು. ಇಟ್ಟ ಗಂಟೆ ಹನ್ನೆರಡು ಐವತ್ತೊಂದು. ಅದರ ಬಾಲದಲ್ಲಿ ಸೊನ್ನೆ ಇರಲಿಲ್ಲ. ಸೊನ್ನೆ ಐದು ಮೂರು ಸೊನ್ನೆ ಎಂದಿತ್ತು.

"ಇದು ನಮ್ಮ ದೇಶದ ಗಡಿಯಾರ," ಅಂದೆ.

ಕವಿತ ಪರದೆಯ ಹತ್ತಿರ ಬಗ್ಗಿದಳು.

"ಸಾರ್, ಇದನ್ನ ಪ್ರೋಗ್ರಾಮು ಇಟ್ಟಿಲ್ಲ. ಯಾರೋ ಕೈಯಲ್ಲಿ ಗಿಟ್ ಕಮಾಂಡ್ ಒತ್ತಿದ್ದಾರೆ. ಕೈಯಲ್ಲಿ ಒತ್ತಿದ್ರೆ ಅವರ ಕಂಪ್ಯೂಟರಿನ ಗಡಿಯಾರ ಬೀಳುತ್ತೆ. ನಾನು ಬರೆದು ಒಂದು ಗಂಟೆ ಆದ್ಮೇಲೆ ನನ್ನ ಹೆಸರನ್ನ ಹಾಗೇ ಬಿಟ್ಟು ಒಳಗಿನ ಮಾತು ಬದಲಾಯಿಸಿದ್ದಾರೆ."

ಹದಿನಾಲ್ಕು ವರ್ಷದ ಹಿಂದೆ ಒಂದು ಉಯಿಲಿನಲ್ಲಿ ಒಂದೇ ಒಂದು ಸೊಟ್ಟ ಒತ್ತು ಹಿಡಿದಾಗ ಆದ ಸಂತೋಷ ಇವತ್ತು ಮತ್ತೆ ಆಯಿತು. ಹೇಳಿಕೊಳ್ಳುವುದಕ್ಕೆ ಮನೆಯಲ್ಲಿ ಯಾರೂ ಇಲ್ಲ ಅನ್ನುವುದೂ ಅದರ ಹಿಂದೆಯೇ ನೆನಪಾಯಿತು.

"ಏನು ಸಾರ್, ಹ್ಯಾಕಿಂಗಾ?"

ಬಾಗಿಲಲ್ಲಿ ಮ್ಯಾನೇಜರ್ ಗಣೇಶ್ ಪ್ರಸಾದ್ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನನಗಾಗಿ ತಂದ ಕಾಫಿ ಲೋಟ. ಬಹಳ ಮರ್ಯಾದಸ್ಥ. ನನಗೆ ಅತಿ ಮರ್ಯಾದಸ್ಥರನ್ನು ಕಂಡರೆ ಮೊದಲಿನಿಂದಲೂ ಆಗುವುದಿಲ್ಲ.

"ಈ ಕಂಪ್ಯೂಟರನ್ನ ಜೂನ್ ಹನ್ನೆರಡಕ್ಕೆ ಪೂರ್ತಿ ಅಳಿಸಿ ಹೊಸದಾಗಿ ಹಾಕಿಸಿದ್ರಂತಲ್ಲ," ಅಂದೆ.

"ವೈರಸ್ ಬಂದಿತ್ತು ಸಾರ್."

"ಹುಳ ಸತ್ತಿದ್ದು ಹನ್ನೊಂದಕ್ಕೆ. ಮಾರನೇ ದಿನಾನೇ ವೈರಸ್ಸಾ?"

"ಅದೇನು ಹೇಳಿ ಬರುತ್ತಾ ಸಾರ್?" ನಗುತ್ತಲೇ ಪರದೆಯ ಕಡೆ ನೋಡಿದ. "ನನಗೆ ಈ ಕಪ್ಪು ಕಿಟಕಿ ತೆರೆಯೋಕೂ ಬರಲ್ಲ. ಈಯಮ್ಮಂಗೆ ಬರುತ್ತೆ. ನೋಡಿ, ಹೆಂಗೆ ಒತ್ತುತ್ತಾರೆ. ಸಮಿತಿಯವರಿಗೂ ಅದನ್ನೇ ಹೇಳೋದು ನಾನು."

ಕವಿತ ಕೈಗಳನ್ನು ಕೀಲಿಮಣೆಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ನನಗೆ ಸಿಕ್ಕಿದ ಸುಳಿವು ಅವಳ ಕುತ್ತಿಗೆಗೇ ಬರುವ ಹಾಗಿತ್ತು. ಯಾರೋ ಕೈಯಲ್ಲಿ ಒತ್ತಿದ್ದಾರೆ, ಈ ಕೋಠಿಯಲ್ಲಿ ಒತ್ತಲು ಬರುವವಳು ಇವಳೊಬ್ಬಳೇ.

ಆದರೆ ಅವಳು ಒತ್ತುವುದೆಲ್ಲ ಆ ಗೋಡೆಯ ಹಾಳೆ ನೋಡಿ. ಹಾಳೆಯಲ್ಲಿ ನೋಡುವುದಕ್ಕೆ ಕಮಾಂಡ್ ಇತ್ತು, ಬದಲಾಯಿಸುವುದಕ್ಕೆ ಇರಲಿಲ್ಲ. ಬದಲಾಯಿಸಿ, ಎಲ್ಲ ಕಡೆಯ ಪ್ರತಿಯ ಮೇಲೂ ಅದನ್ನು ಬಲವಂತವಾಗಿ ಕೂರಿಸುವುದು ಬೇರೆಯದೇ ವಿದ್ಯೆ.

"ಈ ಪ್ರೋಗ್ರಾಮ್ ಬರೆದವರು ಎಲ್ಲಿದ್ದಾರೆ?" ಅಂತ ಕೇಳಿದೆ.

"ಗೌರಿಬಿದನೂರಲ್ಲಿ ಸಾರ್," ಅಂದಳು ಕವಿತ. "ಕನಕಲಕ್ಷ್ಮಿ ಮೇಡಂ ಅಂತ. ರಿಟೈರ್ಡ್ ಲೆಕ್ಕದ ಟೀಚರು. ನಾನು ನೋಡಿಲ್ಲ, ಮಾತೂ ಆಡಿಲ್ಲ. ಏನಿದ್ರೂ ಮ್ಯಾನೇಜರ್ ಸಾರೇ ಮಾತಾಡೋರು."

ಗಂಟೆ ಒಂಬತ್ತೂವರೆ. ಆ ಪುಟವನ್ನು ಪ್ರಿಂಟ್ ತೆಗೆಸಿ ಜೇಬಿಗಿಟ್ಟುಕೊಂಡೆ. ಕಾಫಿ ಕುಡಿಯಲಿಲ್ಲ.

ನನ್ನ ಹಳೇ ಕಾರು ಚಿಕ್ಕಬಳ್ಳಾಪುರ ದಾಟುವಷ್ಟರಲ್ಲಿ ಎರಡು ಸಲ ಕೆಮ್ಮಿತು. ಕವಿತ ಪಕ್ಕದ ಸೀಟಿನಲ್ಲಿ ಚೀಲವನ್ನು ತಬ್ಬಿಕೊಂಡು ಕೂತಿದ್ದಳು. ಮಂಚೇನಹಳ್ಳಿಯಲ್ಲಿ ಬಾಳೆಹಣ್ಣು ಕೊಡಿಸಿದೆ. ಅರ್ಧ ತಿಂದು, ಉಳಿದದ್ದನ್ನು ಸಿಪ್ಪೆಯಲ್ಲೇ ಸುತ್ತಿ ಕೈಯಲ್ಲಿಟ್ಟುಕೊಂಡಳು.

"ಶಿಡ್ಲಘಟ್ಟದಲ್ಲಿ ಯಾರ ಜೊತೆ ಇದ್ದೀಯ?"

"ಒಬ್ಳೇ ಸಾರ್. ರೂಮು."

"ಮಾತಿಗೆ ಯಾರಿದ್ದಾರೆ?"

"ಮೈಕ್ರೋಸ್ಕೋಪು," ಅಂದು ಸ್ವಲ್ಪ ನಕ್ಕಳು. "ಅದರಲ್ಲಿ ನೋಡ್ತಾ ಇದ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಅದೂ ಹೋಯ್ತು ಅಂದ್ರೆ ಏನ್ ಮಾಡ್ಲಿ ಅಂತ ರಾತ್ರಿಯೆಲ್ಲ ಯೋಚನೆ. ಭಾನುವಾರ ಬಂದ್ರೇನೇ ನಂಗೆ ಭಯ ಆಗುತ್ತೆ ಸಾರ್, ರಜ ಅಂತ."

ನನಗೂ ಹಾಗೇ ಎಂದು ಹೇಳಬೇಕೆನಿಸಿತು. ಅರವತ್ತೇಳು ವರ್ಷದ ಗಂಡಸು ಮೂವತ್ತರ ಹೆಣ್ಣುಮಗಳ ಹತ್ತಿರ ಭಾನುವಾರದ ಭಯ ಹೇಳಿಕೊಂಡರೆ ಏನು ಚೆಂದ. ಗೇರ್ ಬದಲಾಯಿಸಿದೆ.

ಊರೊಳಗೆ ಬಂದ ಮೇಲೆ ಒಂದು ಮಾತು ಹೇಳಿದೆ. "ಅಲ್ಲಿ ನಿನ್ನ ಹೆಸರು ಹೇಳಬೇಡ. ಏನೇ ಕೇಳಿಸಿದರೂ ನಾನು ಹೇಳೋವರೆಗೂ ಬಾಯಿ ತೆಗೀಬೇಡ."

"ಯಾಕೆ ಸಾರ್?"

"ನಿನ್ನ ಹೆಸರಲ್ಲಿ ಬರೆದವರು ನಿನ್ನ ಎದುರಿಗೆ ಹೇಗೆ ಮಾತಾಡ್ತಾರೋ ನೋಡಬೇಕು."

ಗೌರಿಬಿದನೂರು ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಬಾಡಿಗೆ ಮಹಡಿ ಮನೆ. ಬೆಲ್ ಒತ್ತಿ ಕೈ ತೆಗೆಯುವುದರೊಳಗೆ ಬಾಗಿಲು ತೆರೆಯಿತು. ಕನಕಲಕ್ಷ್ಮಿಯವರು ಎತ್ತರದ ಹೆಂಗಸು, ಬಿಳಿ ಕೂದಲು, ಒಂದು ಕಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. ಕೋಠಿಯ ವಿಷಯಕ್ಕೆ ಬಂದಿದ್ದೇನೆ, ಇವರು ಜೊತೆಗೆ ಬಂದಿದ್ದಾರೆ ಅಂದೆ. ಅಷ್ಟಕ್ಕೇ ಅವರು ಒಳಗೆ ಹೋಗಿ ಕಾಫಿಗೆ ನೀರಿಟ್ಟರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಮನೆಗೆ ಜನ ಬಂದು ಯಾವ ಕಾಲ ಆಯ್ತೋ. ಸಕ್ಕರೆ ಹಾಕಬಹುದಾ ನಿಮಗೆ?"

ಕಾಫಿ ಬಂತು. ಮೂರು ಲೋಟವೂ ಬೇರೆ ಬೇರೆ ಜೋಡಿಯವು.

"ಮೇಡಂ, ಅಷ್ಟೊಂದು ಕಂಪ್ಯೂಟರ್ ಭಾಷೆ ಇರುವಾಗ ಇದನ್ನ ಹ್ಯಾಸ್ಕೆಲ್ಲಲ್ಲೇ ಯಾಕೆ ಬರೆದ್ರಿ?" ಕೇಳಿದೆ. ಆ ಹೆಸರನ್ನೂ ಕವಿತಳೇ ದಾರಿಯಲ್ಲಿ ಹೇಳಿಕೊಟ್ಟಿದ್ದಳು.

ಅವರ ಮುಖ ಅರಳಿತು. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ವರ್ಷಗಟ್ಟಲೆ ಕಾದಿದ್ದ ಹಾಗೆ ಕಂಡರು.

"ಅದು ನಮ್ಮ ಗಣಿತದ ಫಂಕ್ಷನ್ ಥರಾನೇ ಸಾರ್. ಇದನ್ನ ಕೊಟ್ರೆ ಅದು ಬರುತ್ತೆ. ನಾಳೆ ಕೊಟ್ರೂ ಅದೇ, ನಾಡಿದ್ದು ಕೊಟ್ರೂ ಅದೇ. ಎಕ್ಸ್ ಇಷ್ಟು ಅಂತ ಒಂದ್ಸಲ ಹೇಳಿದ್ರೆ ಮುಗೀತು, ಆಮೇಲೆ ಅದನ್ನ ಬದಲಾಯಿಸೋಕೆ ಆಗಲ್ಲ. ಹೊರಗಿನ ಪ್ರಪಂಚ ಮುಟ್ಟೋ ಕೆಲಸ ಇರುತ್ತಲ್ಲ, ಗಡಿಯಾರ ನೋಡೋದು, ಗಿಟ್‌ಗೆ ಕಮಾಂಡ್ ಕೊಡೋದು, ಅದನ್ನೆಲ್ಲ ಬೇರೆ ಕಟ್ಟಿಡುತ್ತೆ. ಇದು ಹೊರಗಿನಿಂದ ಬಂದಿದ್ದು, ಹುಷಾರು ಅಂತ ಗುರುತು ಹಾಕುತ್ತೆ."

"ಗಿಟ್‌ಗೆ ಎಲ್ಲ ಕಮಾಂಡೂ ನಿಮ್ಮ ಪ್ರೋಗ್ರಾಮೇ ಕೊಡುತ್ತಾ?"

"ಮೂರೇ ಮೂರು. ಸೇರಿಸು, ಇಡು, ಕಳಿಸು. ಅಳಿಸೋದು ಬರಲ್ಲ ಅದಕ್ಕೆ. ನಾನು ಕಲಿಸೇ ಇಲ್ಲ. ರೋಗದ ದಾಖಲೆ ಅದು, ಯಾರೂ ಮುಟ್ಟಬಾರದು."

ನಾನು ಜೇಬಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಹಾಸಿದೆ. ೧೧೭ನೇ ಲಾಟಿನ ಕೊನೆಯ ನಾಲ್ಕು ಅಂಕೆಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದೆ.

ಅವರು ಬಗ್ಗಿ ನೋಡಿದರು. ಮೇಲಿನ ಸಾಲು ನೋಡಿದರು, ಕೆಳಗಿನ ಸಾಲು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಕೆಳಗೆ ಸ್ಟೇಷನ್ನಿನಲ್ಲಿ ಯಾವುದೋ ರೈಲಿನ ಪ್ರಕಟಣೆ ಮುಗಿಯಿತು.

"ಗಡಿಯಾರ ಮರೆತುಬಿಟ್ಟೆ," ಅಂದರು ಮೆಲ್ಲಗೆ. "ಹೆಸರು ಸರಿಯಾಗಿ ಹಾಕಿದೆ, ಗಡಿಯಾರ ಮರೆತೆ. ಯಾವಾಗಲೂ ಪ್ರೋಗ್ರಾಮೇ ನೋಡಿಕೊಳ್ತಿತ್ತಲ್ಲ."

"ಅಂದ್ರೆ ನೀವೇ."

"ನಾನೇ."

ಅಷ್ಟು ಬೇಗ ಒಪ್ಪಿಕೊಳ್ಳುತ್ತಾರೆಂದು ನಾನು ಎಣಿಸಿರಲಿಲ್ಲ. ಒಂದು ಗಂಟೆ ಸುತ್ತಿ ಬಳಸಿ ಕೇಳಬೇಕಾದೀತು ಎಂದು ಮಾತುಗಳನ್ನೆಲ್ಲ ಕೂಡಿಸಿಟ್ಟುಕೊಂಡಿದ್ದೆ. ಒಂದೂ ಬೇಕಾಗಲಿಲ್ಲ.

"ಯಾಕೆ ಮೇಡಂ? ಮೂವತ್ತು ಮನೆ ಹುಳ ಹೋಯ್ತು."

"ಹುಳ ಹೋಯ್ತಾ?" ಅವರು ಹಾಳೆಯನ್ನು ಕೆಳಗೆ ತಳ್ಳಿದರು. "ನನಗೆ ಯಾರೂ ಹೇಳಲಿಲ್ಲವಲ್ಲ. ರೋಗ ಇಲ್ಲ, ಬರೀ ಧೂಳು ಅಂತ ಹೇಳಿದ್ಲಲ್ಲ ಕವಿತ."

ಪಕ್ಕದಲ್ಲಿ ಕವಿತಳ ಲೋಟ ತಟ್ಟೆಗೆ ತಾಗಿ ಸದ್ದಾಯಿತು. ನಾನು ಅವಳ ಕಡೆ ನೋಡದೆ ಕೈ ಸ್ವಲ್ಪ ಎತ್ತಿದೆ.

"ಯಾವ ಕವಿತ?"

"ಕೋಠಿ ಕವಿತ. ಪರೀಕ್ಷೆ ಮಾಡೋಳು. ಪ್ರೋಗ್ರಾಮಿನ ಕೆಳಗೆ ನನ್ನ ನಂಬರಿದೆ, ತೊಂದರೆ ಆದ್ರೆ ಫೋನ್ ಮಾಡಿ ಅಂತ. ಮೂರು ವರ್ಷದಲ್ಲಿ ಮ್ಯಾನೇಜರ್ ಬಿಟ್ಟು ಯಾರೂ ಮಾಡಿರಲಿಲ್ಲ. ಮೇ ಹನ್ನೆರಡಕ್ಕೆ ಇವಳು ಮಾಡಿದ್ಲು. ಏನೂ ತೊಂದರೆ ಇಲ್ಲ ಮೇಡಂ, ಊಟ ಆಯ್ತಾ ಅಂತ ಕೇಳೋಣ ಅಂತ ಮಾಡಿದೆ ಅಂದ್ಲು. ಮಾರನೇ ದಿನ ಮತ್ತೆ ಮಾಡಿದ್ಲು. ದಿನಾ ಹನ್ನೆರಡೂವರೆಗೆ."

ಅವರು ಮೇಜಿನ ಮೇಲಿನ ಫೋನನ್ನು ಒಮ್ಮೆ ಸವರಿದರು.

"ಇಪ್ಪತ್ತಕ್ಕೆ ಅಳ್ತಾ ಮಾಡಿದ್ಲು. ಧೂಳು ನೋಡಿ ರೋಗ ಅಂತ ಬರೆದ್ಬಿಟ್ಟೆ ಮೇಡಂ, ಕೆಲಸ ಹೋಗುತ್ತೆ ಅಂದ್ಲು. ತಿದ್ದುಪಡಿ ಅಂತ ಹೊಸದಾಗಿ ಹಾಕಮ್ಮ, ಆಗುತ್ತೆ ಅಂದೆ. ಹಾಕಿದ್ರೆ ಹಳೇದೂ ಕಾಣಿಸುತ್ತೆ, ಗುರುತೇ ಇಲ್ಲದ ಹಾಗೆ ಮಾಡಿ ಅಂತ ಅತ್ಲು. ಎಂಟು ದಿನ ನನ್ನ ಕಾಲುನೋವು ವಿಚಾರಿಸಿದೋಳು ಸಾರ್. ಆಗಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

"ನಾಳೆಯಿಂದ ಫೋನ್ ಮಾಡಲ್ಲ ಅಂತ ಭಯ ಆಯ್ತಾ?"

ನನ್ನ ಬಾಯಿಯಿಂದ ಇದು ಕೇಸಿಗಾಗಿ ಬಂದ ಪ್ರಶ್ನೆಯಲ್ಲ. ಅವರಿಗೂ ಅದು ಗೊತ್ತಾಯಿತು.

"ಹೌದು," ಅಂದರು. "ನನ್ನ ಬಾಯಿ ತೆರೆಯೋದೇ ದಿನಕ್ಕೆ ಅದೊಂದು ಸಲ."

ನನಗೆ ಅವರ ಮೇಲೆ ಕೋಪ ಬರಬೇಕಿತ್ತು. ಬರಲಿಲ್ಲ. ಕೋಪ ಬಂದಿದ್ದು ಇವರ ಒಂಟಿತನದ ಅಳತೆ ತೆಗೆದು ಅದಕ್ಕೆ ಸರಿಯಾಗಿ ಕೈಹಾಕಿದವರ ಮೇಲೆ. ತಪ್ಪಾಗಿದ್ದು ಇಪ್ಪತ್ತಕ್ಕೆ. ಫೋನ್ ಶುರುವಾಗಿದ್ದು ಹನ್ನೆರಡಕ್ಕೆ. ರೋಗದ ಲಾಟು ಬರುತ್ತದೆ ಎಂದು ಯಾರಿಗೋ ಎಂಟು ದಿನ ಮೊದಲೇ ಗೊತ್ತಿತ್ತು. ಮತ್ತೆ ಕವಿತ ಹನ್ನೊಂದು ನಲವತ್ತೆರಡಕ್ಕೆ ಬರೆದದ್ದು ಒಂದು ಗಂಟೆಯೊಳಗೆ ಕೋಠಿಯಿಂದ ಹೊರಗೆ ಹೋಗಿತ್ತು.

"ಮೇಡಂ," ಅಂದೆ, "ಇವಳೇ ಕವಿತ."

ಅವರು ತಲೆಯೆತ್ತಿ ಅವಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ನೀನಾ? ಇಷ್ಟು ಚಿಕ್ಕವಳಾ?"

"ನಾನು ನಿಮಗೆ ಯಾವತ್ತೂ ಫೋನ್ ಮಾಡಿಲ್ಲ ಮೇಡಂ," ಅಂದಳು ಕವಿತ. "ದೇವರಾಣೆ ಮಾಡಿಲ್ಲ."

ಟೀಚರಮ್ಮ ತಲೆ ಅಲ್ಲಾಡಿಸಿದರು. "ಈ ದನಿ ಅಲ್ಲ. ಅದು ದೊಡ್ಡೋರ ದನಿ. ನಲವತ್ತೈದಾದರೂ ಇರುತ್ತೆ ಅಂದುಕೊಂಡಿದ್ದೆ."

"ಬರೆದಿದ್ದ ಹಳೇದು ಪೂರ್ತಿ ಹೋಯ್ತಾ?" ಕೇಳಿದೆ.

"ಹೋಗಲ್ಲ. ಗಿಟ್ ಯಾವುದನ್ನೂ ತಕ್ಷಣ ಬಿಸಾಕಲ್ಲ. ಕೋಠಿ ದಾಖಲೆಯ ಒಂದು ಪ್ರತಿ ನನ್ನ ಹತ್ರಾನೂ ಇದೆ, ನಾನು ಬದಲಾಯಿಸಿದ್ದೂ ಇಲ್ಲಿಂದಲೇ; ಹಳೇದನ್ನ ಒಂದು ತಿಂಗಳು ಈ ಕಂಪ್ಯೂಟರಿನಲ್ಲಿ ಮೂಲೆಗೆ ತಳ್ಳಿ ಇಟ್ಟಿರುತ್ತೆ." ಎದ್ದು, ಕಾಲೆಳೆದುಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂತರು. ಕಪ್ಪು ಕಿಟಕಿಯಲ್ಲಿ ಹ್ಯಾಸ್ಕೆಲ್ ತೆರೆದು ಒಂದೇ ಒಂದು ಸಾಲು ಬರೆದರು. ಆ ಸಾಲು ಗಿಟ್‌ಗೆ ಕಮಾಂಡು ಕೊಟ್ಟಿತು, ಗಿಟ್ ಹೇಳಿದ್ದು ಪಟ್ಟಿಯಾಗಿ ಬಂತು. ಅವರು ಅದರಲ್ಲಿ ಒಂದನ್ನು ಆರಿಸಿ ತೆರೆದರು.

'ಲಾಟು ೧೧೭. ಗಂಟುರೋಗ ಇದೆ. ಎರಡು ಸಲ ನೋಡಿದ್ದೇನೆ. ಸುಡಿ. - ಕವಿತ.'

ಕವಿತ ಅದನ್ನು ಓದಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಒಂದು ವಾರದಿಂದ ಎಲ್ಲರೂ ನೀನೇ ತಪ್ಪು ನೋಡಿದ್ದೀಯ ಅಂತ ಹೇಳಿ ಹೇಳಿ, ತನ್ನ ಕಣ್ಣನ್ನೇ ಅನುಮಾನಿಸುವ ಹಾಗೆ ಮಾಡಿದ್ದರು ಅವಳನ್ನು.

"ನಾನು ಸರಿಯಾಗೇ ನೋಡಿದ್ದೆ ಸಾರ್," ಅಂದಳು ಕೈಯೊಳಗಿನಿಂದಲೇ.

"ಸರಿಯಾಗೇ ನೋಡಿದ್ದೆ. ಆದರೆ ಸಮಿತಿಯವರು ಮುಂದಿನ ಪ್ರಶ್ನೆ ಕೇಳ್ತಾರೆ. ಅಳಿಸೋಕೆ ಯಾರು ಹೇಳಿದ್ದು ಅಂತ. ಮೇಡಂ ಇವತ್ತು ಏನು ಹೇಳ್ತಾರೆ? ಕವಿತ ಅಂತ ಫೋನ್ ಬಂತು ಅಂತ. ಅಲ್ಲಿಗೆ ನೀನೇ ಬರೆದು ನೀನೇ ಅಳಿಸಿದ ಹಾಗಾಯ್ತು."

ಮೇಡಂ ಫೋನಿನಲ್ಲಿ ಆ ನಂಬರ್ ತೋರಿಸಿದರು. ಕವಿತ ಎಂದು ಉಳಿಸಿಕೊಂಡಿದ್ದರು. ನಿಜವಾದ ಕವಿತ ನೋಡಿ, ಗೊತ್ತಿಲ್ಲ ಸಾರ್ ಅಂದಳು. ನಾನು ನನ್ನ ಫೋನಿನಿಂದ ಒತ್ತಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ.

"ಬೇರೆ ನಂಬರಿಗೆ ಎತ್ತಲ್ವೇನೋ," ಅಂದರು ಟೀಚರಮ್ಮ. "ಇನ್ನು ಹತ್ತು ನಿಮಿಷಕ್ಕೆ ಅವಳೇ ಮಾಡ್ತಾಳೆ."

"ಇವತ್ತೂನಾ?"

"ದಿನಾ. ಕೆಲಸ ಆದಮೇಲೂ ಬಿಟ್ಟಿಲ್ಲ."

ನನಗೆ ಇದು ಅರ್ಥವಾಗಲಿಲ್ಲ. ಮೋಸ ಮಾಡಿದವರು ಕೆಲಸ ಮುಗಿದ ಮೇಲೆ ಸಿಮ್ ಮುರಿದು ಬಿಸಾಕುತ್ತಾರೆ. ಇಪ್ಪತ್ತೊಂಬತ್ತು ದಿನ ಆದರೂ ಊಟ ವಿಚಾರಿಸುವ ಮೋಸಗಾರರನ್ನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಮೂರು ಜನ ಕೂತು ಒಂದು ಫೋನನ್ನು ನೋಡಿದೆವು. ಮಧ್ಯೆ ಒಮ್ಮೆ ಟೀಚರಮ್ಮ ತಡವರಿಸುತ್ತಾ ಕೇಳಿದರು. "ಅವಳನ್ನ ಬೈತೀರಾ?"

"ಬೈಯಲ್ಲ. ನೀವು ದಿನಾ ಮಾತಾಡೋ ಹಾಗೇ ಮಾತಾಡಿ. ಸ್ಪೀಕರ್ ಹಾಕಿ."

ಹನ್ನೆರಡು ಮೂವತ್ತೊಂದಕ್ಕೆ ಫೋನ್ ಬಂತು. ಪರದೆಯ ಮೇಲೆ ಕವಿತ ಎಂದು ಹೆಸರು. ಪಕ್ಕದಲ್ಲಿ ಕವಿತ ಕೂತಿದ್ದಳು.

"ಮೇಡಂ, ಊಟ ಆಯ್ತಾ?"

"ಇನ್ನೂ ಇಲ್ಲಮ್ಮ. ನಿಂದು?"

"ನಂದಾಯ್ತು. ಮುದ್ದೆ, ಬಸ್ಸಾರು. ನೀವು ಬರೀ ಮೊಸರನ್ನ ಕಲಸ್ಕೊಂಡು ಮಲ್ಕೊಬೇಡಿ. ಕಾಲು ಹೆಂಗೈತೆ?"

"ಹಾಗೇ ಇದೆ."

"ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿ ಅಂದೆ ಕದಾ. ಒಂದು ಮಾತೂ ಕೇಳಲ್ಲ ನೀವು."

ಎಂಥ ದನಿ ಅದು. ದಡ್ಡ ಮಗುವಿಗೆ ಬೈದು ತಟ್ಟೆ ಮುಂದಿಡುವವರ ದನಿ. ನನಗೂ ಯಾರಾದರೂ ಹೀಗೆ ದಿನಾ ಬೈದರೆ ಏನು ಬೇಕಾದರೂ ಅಳಿಸಿಕೊಡುತ್ತಿದ್ದೆನೋ ಏನೋ. ಮಾತು ಬೆಳೆಸಿ ಎಂದು ಟೀಚರಮ್ಮನಿಗೆ ಸನ್ನೆ ಮಾಡಿದೆ.

"ಇವತ್ತು ಏನಮ್ಮ ಕೆಲಸ ನಿನಗೆ?"

"ಚಿಂತಾಮಣಿಗೆ ಹೋಗ್ಬೇಕು ಮೇಡಂ. ನಾಲ್ಕು ಗಂಟೆಗೆ. ಕಾರು ಕಳಿಸ್ತೀವಿ ಅಂದವ್ರೆ."

"ಯಾರು ಕಳಿಸ್ತಾರೆ?"

ಆ ಕಡೆಯ ದನಿ ಅವಸರದ್ದಾಯಿತು.

"ಬರ್ತೀನಿ ಮೇಡಂ. ಎಣ್ಣೆ ಮರೀಬೇಡಿ. ನಾಳೆ ಮಾಡ್ತೀನಿ."

ಫೋನ್ ಕಟ್ಟಾಯಿತು.

ತಿರುಗಿ ನೋಡಿದರೆ ಕವಿತ ಎದ್ದು ಗೋಡೆಗೆ ಒರಗಿ ನಿಂತಿದ್ದಳು.

"ಯಾರು ಗೊತ್ತಾ?" ಕೇಳಿದೆ.

"ನಮ್ಮಮ್ಮ."

ಟೀಚರಮ್ಮ ಎದ್ದು ಅವಳ ಹತ್ತಿರ ಬಂದರು.

"ಪೆದ್ದಮ್ಮ ಅಂತ ಹೆಸರು. ಮಂಡಿಕಲ್ಲಲ್ಲಿ ನಮ್ಮಣ್ಣನ ಮನೇಲಿದ್ದಾರೆ. ಅವರು ತೋರಿಸಿದ ಗಂಡನ್ನ ಬೇಡ ಅಂದು ನಾನು ಕೆಲಸಕ್ಕೆ ಬಂದೆ. ಮೂರು ವರ್ಷ ಆಯ್ತು ಸಾರ್, ನನ್ನ ಜೊತೆ ಮಾತು ಬಿಟ್ಟು. ಫೋನ್ ಮಾಡಿದ್ರೆ ಎತ್ತಲ್ಲ. ಬಾಗಿಲಿಗೆ ಹೋದ್ರೆ ಎದ್ದು ಒಳಗೆ ಹೋಗ್ಬಿಡ್ತಾರೆ." ಅವಳು ಫೋನನ್ನೇ ನೋಡುತ್ತಿದ್ದಳು. "ಕೆಮ್ಮು ಕಡಿಮೆ ಆಗಿದೆ ಅನ್ಸುತ್ತೆ."

"ಅಯ್ಯೋ, ದಿನಾ ನಿನ್ನ ಹೆಸರು ಹೇಳಿಕೊಂಡೇ ಮಾತಾಡ್ತಿದ್ರಲ್ಲಮ್ಮ," ಅಂದರು ಟೀಚರಮ್ಮ. ಅವರ ಕಣ್ಣಲ್ಲಿ ನೀರು ಬಂದಿತ್ತು. "ನಾನು ಕವಿತ, ಕೋಠೀಲಿ ನನ್ನಷ್ಟು ಚೆನ್ನಾಗಿ ನೋಡೋರು ಯಾರೂ ಇಲ್ಲ ಮೇಡಂ ಅಂತ ಹೇಳ್ತಿದ್ರು."

ಕವಿತ ಬಂದು ಮೇಜಿನ ಮೇಲಿದ್ದ ಆ ಫೋನನ್ನು ಮಗುಚಿಟ್ಟಳು.

ಹೇಳಬೇಕಾದ್ದನ್ನು ನಾನೇ ಹೇಳಬೇಕಿತ್ತು. ಇಂಥ ಹೊತ್ತಿನಲ್ಲಿ ನನ್ನ ಕೆಲಸ ನನಗೇ ಬೇಡವಾಗುತ್ತದೆ. "ನೋಡಮ್ಮ. ನಾಲ್ಕು ಗಂಟೆಗೆ ಸಮಿತಿ ಮುಂದೆ ಒಂದು ಹೆಸರು ಹೇಳಲೇಬೇಕು. ನಿಂದು, ಇಲ್ಲ ಅವರದು. ಈ ಹಳೇ ನಮೂದು ನಮ್ಮ ಕೈಲಿದೆ, ಮೇಡಂ ಸಾಕ್ಷಿ ಇದ್ದಾರೆ, ದನಿ ನೀನೇ ಗುರುತು ಹಿಡಿದೆ. ನಿನ್ನ ಸರ್ಟಿಫಿಕೇಟು ಉಳಿಯುತ್ತೆ. ಅವರನ್ನ ಯಾರು ಕುಣಿಸ್ತಾ ಇದ್ದಾರೆ ಅನ್ನೋದನ್ನ ಆಮೇಲೆ ಹುಡುಕ್ತೀನಿ."

"ಆಮೇಲೆ ಅಂದ್ರೆ, ಇವತ್ತು ಅಮ್ಮನ್ನ ಪೊಲೀಸರು ಕೂರಿಸ್ಕೊತಾರೆ ಅಲ್ವಾ ಸಾರ್?"

"ಕೂರಿಸ್ಕೊತಾರೆ," ಅಂದೆ. ಗಂಟೆ ಹನ್ನೆರಡು ಮುಕ್ಕಾಲು. ಚಿಂತಾಮಣಿಗೆ ನನ್ನ ಕಾರಿನಲ್ಲಿ ಎರಡೂವರೆ ಗಂಟೆ ಬೇಕು. ಕೀ ತೆಗೆದುಕೊಂಡು ಎದ್ದೆ.

ಕವಿತ ಬಾಗಿಲ ಕಡೆ ಬರಲಿಲ್ಲ. ಟೀಚರಮ್ಮ ಬಿಟ್ಟು ಎದ್ದಿದ್ದ ಕುರ್ಚಿಯನ್ನು ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಮೇಲೆ ಅವಳು ಬರೆದ ಆ ಒಂದು ಸಾಲು ಇನ್ನೂ ತೆರೆದೇ ಇತ್ತು. ಅದನ್ನು ಇನ್ನೊಂದು ಸಲ ಓದಿಕೊಂಡಳು.

"ಇದು ಇಲ್ಲದೇ ಹೋದ್ರೆ ಯಾರೂ ಏನೂ ಕೇಳಲ್ಲ ಅಲ್ವಾ," ಅಂದಳು. "ಕವಿತ ತಪ್ಪು ನೋಡಿದ್ಲು ಅಂತ ಅಲ್ಲಿಗೆ ಮುಗಿಯುತ್ತೆ."

"ಕವಿತ," ಅಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. ಟೀಚರಮ್ಮನ ಕೈ ಹಿಡಿದುಕೊಂಡಳು.

"ಮೇಡಂ, ನಾನು ನಿಜವಾದ ಕವಿತ ಕೇಳ್ತಾ ಇದ್ದೀನಿ. ಇದನ್ನ ಪೂರ್ತಿ ಅಳಿಸೋಕೆ ಏನು ಒತ್ತಬೇಕು?"